ಕಾಟಾ ಚೀಟಿಯ ಲೆಕ್ಕ: ತರಗತಿಯಲ್ಲಿ ನಿದ್ದೆ ಮಾಡುತ್ತಿದ್ದ ಹುಡುಗನ ಪ್ರಕರಣ

ಹುಡುಗನಿಗೆ ಇಲ್ಲಿ ಮಲ್ಲು ಅಂತ ಹೆಸರಿಟ್ಟಿದ್ದೇನೆ. ಊರು, ಶಾಲೆ, ಮನೆಯವರ ವಿವರ ಎಲ್ಲ ಬದಲಿಸಿದ್ದೇನೆ. ನಾನು ಮಾಡಿದ ತಪ್ಪನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ. ಶಾಲೆಗಳಲ್ಲಿ ಆಪ್ತ ಸಮಾಲೋಚನೆ ಮಾಡುವ ಹೊಸಬರಿಗೆ ಉಳಿದದ್ದಕ್ಕಿಂತ ಅದೇ ಜಾಸ್ತಿ ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ ಕಡೆಯವರಿಗೆ ಕಬ್ಬಿನ ಹಂಗಾಮು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ನವೆಂಬರ್‌ನಲ್ಲಿ ಕಾರ್ಖಾನೆ ಶುರುವಾದರೆ ಫೆಬ್ರುವರಿ, ಕೆಲವು ವರ್ಷ ಮಾರ್ಚ್‌ವರೆಗೂ ರಸ್ತೆ ತುಂಬ ಟ್ರ್ಯಾಕ್ಟರ್. ಒಂದೊಂದಕ್ಕೂ ಎರಡು ಟ್ರೇಲರ್, ಅದರ ತುಂಬ ಕಬ್ಬು, ಜೊತೆಗೆ ಕಿವಿ ಒಡೆಯುವ ಹಾಡು. ಎಸ್ಸೆಸ್ಸೆಲ್ಸಿ ಮಕ್ಕಳು ಕೂತು ಓದಬೇಕಾದ ತಿಂಗಳುಗಳೂ ಅವೇ. ಈ ಎರಡು ಹಂಗಾಮು ಒಂದರ ಮೇಲೊಂದು ಬೀಳುತ್ತವೆ ಅನ್ನೋದು ನನಗೆ ಆ ವರ್ಷದವರೆಗೆ ತಲೆಗೇ ಹೋಗಿರಲಿಲ್ಲ. ನನ್ನಪ್ಪನೂ ಕಬ್ಬು ಬೆಳೆದವನೇ, ಆದರೂ.

ನಾನು ಹೋಗುತ್ತಿದ್ದದ್ದು ಒಂದು ಅನುದಾನಿತ ಪ್ರೌಢಶಾಲೆಗೆ, ವಾರಕ್ಕೆ ಎರಡು ದಿನ. ಕೂರಲು ಕೊಟ್ಟಿದ್ದು ಆಟದ ಸಾಮಾನಿನ ಕೋಣೆ. ಗೋಡೆಗೆ ಲೇಜಿಮ್ ನೇತುಹಾಕಿದ್ದರು, ಮೂಲೆಯಲ್ಲಿ ಗಾಳಿ ಹೋದ ವಾಲಿಬಾಲ್. ಬಾಗಿಲಿಗೆ ಚಿಲಕ ಇರಲಿಲ್ಲ, ಒಂದು ಪರದೆ ಇತ್ತು. ಮಕ್ಕಳ ಜೊತೆ ಮಾತಾಡಿದ್ದನ್ನು ಬರೆಯಲು ಒಂದು ಉದ್ದನೆಯ ರಿಜಿಸ್ಟರ್ ಕೊಟ್ಟಿದ್ದರು. ಅದು ಸ್ಟಾಫ್ ರೂಮಿನ ಟೇಬಲ್ ಮೇಲೆ, ಹಾಜರಿ ಪುಸ್ತಕಗಳ ಜೊತೆ ಇರುತ್ತಿತ್ತು. ಈ ರಿಜಿಸ್ಟರ್ ನೆನಪಿಟ್ಟುಕೊಳ್ಳಿ.

ಡಿಸೆಂಬರ್ ಮೊದಲ ವಾರ ಹತ್ತನೇ ತರಗತಿಯ ಕ್ಲಾಸ್ ಟೀಚರ್ ಮಲ್ಲುವನ್ನು ಕಳಿಸಿದರು. ಹದಿನೈದು ವರ್ಷ. ಒಂಬತ್ತನೇ ತರಗತಿವರೆಗೂ ನಡುಮಟ್ಟದ ಹುಡುಗ, ಕಬಡ್ಡಿಯಲ್ಲಿ ಚುರುಕು. ಈಗ ಮೊದಲ ಪಿರಿಯಡ್‌ನಲ್ಲೇ ನಿದ್ದೆ. ಎಬ್ಬಿಸಿದರೆ ಬೆಚ್ಚಿಬೀಳುತ್ತಾನೆ. ಗಣಿತದ ಕಿರುಪರೀಕ್ಷೆಯಲ್ಲಿ ಸೊನ್ನೆ. ಟೀಚರ್ ಚೀಟಿಯಲ್ಲಿ ಬರೆದಿದ್ದು ಒಂದೇ ಸಾಲು: “ರಾತ್ರಿಯೆಲ್ಲ ಮೊಬೈಲ್. ಬುದ್ಧಿ ಹೇಳಿ.” ಪಿ.ಇ. ಮಾಸ್ತರರಿಗೆ ಗುಟ್ಕಾ ಅನುಮಾನ. ಹೆಡ್‌ಮಾಸ್ತರರಿಗೆ ಶಾಲೆಯ ಫಲಿತಾಂಶದ ಚಿಂತೆ.

ಮೊದಲ ಮೂರು ಭೇಟಿ

ಅವರು ಮೊಬೈಲ್ ಅಂದರು, ನಾನೂ ಮೊಬೈಲ್ ಅಂತಲೇ ಹೊರಟೆ. ಈ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಹೇಳಿದೆ. ಮಲಗುವ ಒಂದು ತಾಸು ಮುಂಚೆ ಫೋನ್ ದೂರ ಇಡು ಅಂದೆ. ಚಂದದ ಒಂದು ಟೈಮ್‌ಟೇಬಲ್ ಬರೆದುಕೊಟ್ಟೆ, ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ. ಅವನು ಎಲ್ಲದಕ್ಕೂ “ಹೂನ್ರಿ ಮೇಡಂ” ಅಂದ. ಮೂರು ಭೇಟಿ ಹಾಗೇ ಹೋದವು. ಅವನ ಹತ್ತಿರ ಮೊಬೈಲೇ ಇರಲಿಲ್ಲ ಅಂತ ಗೊತ್ತಾದದ್ದು ಆಮೇಲೆ. ಇದೆಯಾ ಅಂತ ನಾನು ಕೇಳಿಯೇ ಇರಲಿಲ್ಲ!

ನಾಲ್ಕನೇ ಸಲ ನನಗೇ ಬೇಜಾರಾಗಿ, ಸುಮ್ನೆ ಅವನ ಗಣಿತದ ನೋಟ್‌ಬುಕ್ ತಿರುವುತ್ತಿದ್ದೆ. ಮುಂದಿನ ಪುಟಗಳು ಖಾಲಿ. ಹಿಂದಿನ ಪುಟದಲ್ಲಿ ಮಾತ್ರ ಸಣ್ಣ ಅಕ್ಷರದಲ್ಲಿ ಸಾಲು ಸಾಲು ಅಂಕಿ. ಒಂದು ಸಾಲು ಈಗಲೂ ನೆನಪಿದೆ: 30.910, ಕೆಳಗೆ 8.340, ಗೆರೆ ಎಳೆದು 22.570. ಪಕ್ಕದಲ್ಲಿ ತಾರೀಕು, ರಾತ್ರಿ 2.40.

“ಇದು ಕಾಟಾ ಚೀಟಿ ಲೆಕ್ಕ ಅಲ್ವಾ?” ಅಂದೆ. ಕಾಟಾ ಅಂದರೆ ಕಾರ್ಖಾನೆಯಲ್ಲಿ ಗಾಡಿ ತೂಗುವ ಜಾಗ: ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ಉಳಿದದ್ದು ಕಬ್ಬು. ಅವನು ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದ.

“ನಿಮಗ ಹೆಂಗ್ ಗೊತ್ತ್ರಿ?”

“ನಮ್ಮಪ್ಪನೂ ಕಬ್ಬು ಕಳಿಸ್ತಿದ್ದ. ಬರೆದೋರು ಯಾರು?”

“ನಾನರೀ.”

“ರಾತ್ರಿ ಎರಡೂ ನಲವತ್ತಕ್ಕೆ ನೀನು ಕಾಟಾದ ಹತ್ತಿರ ಏನ್ ಮಾಡ್ತಿದ್ದೆ?”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಪರದೆ ಕಡೆ ನೋಡಿ ಸಣ್ಣ ದನಿಯಲ್ಲಿ ಹೇಳಿದ: “ಗಾಡಿ ನಾನ ಹೊಡಿತೀನ್ರಿ. ಯಾರಿಗೂ ಹೇಳಬ್ಯಾಡ್ರಿ.”

ನಾನು “ಹೇಳಲ್ಲ” ಅಂದೆ. ಯೋಚನೆ ಮಾಡದೆ, ಬಾಯಿಗೆ ಬಂದಿದ್ದು ಅಂದೆ.

ನಿಜವಾದ ಸಮಸ್ಯೆ

ಆ ದಿನ ಮತ್ತು ಅದರ ಮುಂದಿನ ಭೇಟಿಯಲ್ಲಿ ಹೊರಬಂದ ಕತೆ ಇದು. ಅಪ್ಪ ಸಾಲ ಮಾಡಿ ಟ್ರ್ಯಾಕ್ಟರ್ ತಗೊಂಡಿದ್ದ, ಆರು ತಿಂಗಳಿಗೊಂದು ಕಂತು. ಕಬ್ಬು ಕಡಿಯುವ ಗ್ಯಾಂಗಿಗೆ ಹಂಗಾಮಿಗೆ ಮೊದಲೇ ಮುಂಗಡ ಕೊಟ್ಟಿದ್ದ. ನಮ್ಮ ಕಡೆ ಗಾಡಿ ಮಾಲೀಕರು ಹಾಗೆ ಕೊಟ್ಟೇ ಗ್ಯಾಂಗ್ ಕರೆಸಬೇಕು. ಗ್ಯಾಂಗ್ ಮೂರು ವಾರ ಕಡಿದು, ಒಂದು ಬೆಳಿಗ್ಗೆ ನೋಡಿದರೆ ಗುಡಿಸಲು ಖಾಲಿ. ಗ್ಯಾಂಗಿನ ಮುಖ್ಯಸ್ಥ ಮುಕಾದಮನ ಫೋನ್ ಬಂದ್. ಮುಂಗಡ ಮುಳುಗಿತು. ಇನ್ನೊಂದು ಗ್ಯಾಂಗ್ ಹುಡುಕಲು ಮತ್ತೆ ಸಾಲ. ಡ್ರೈವರಿಗೆ ಪಗಾರ ಕೊಡಲಾಗದೆ ಅವನೂ ಬಿಟ್ಟ. ಅಪ್ಪನಿಗೆ ಹಗಲು ಫಡದಲ್ಲಿ, ಅಂದರೆ ಕಬ್ಬು ಕಡಿಯುವ ಹೊಲದಲ್ಲಿ, ನಿಂತು ಕಬ್ಬು ತುಂಬಿಸುವ ಕೆಲಸ, ಸೊಂಟ ನೋವು ಬೇರೆ. ರಾತ್ರಿ ಕಾರ್ಖಾನೆಗೆ ಗಾಡಿ ಒಯ್ಯುವುದು, ಯಾರ್ಡಿನಲ್ಲಿ ನಂಬರ್ ಹಚ್ಚುವುದು, ನಂಬರ್ ಬರುವವರೆಗೆ ಕಾಯುವುದು ಮಲ್ಲುವಿನ ಪಾಲಿಗೆ ಬಂತು. ಬೆಳಗಿನ ಜಾವ ಮನೆಗೆ ಬಂದು, ಒಂದೆರಡು ತಾಸು ಮಲಗಿ, ಶಾಲೆಗೆ.

ಅವನ ದೂರೇನೂ ಇರಲಿಲ್ಲ. ಗಾಡಿ ಹೊಡೆಯುವುದು ಅವನಿಗೆ ಇಷ್ಟ. ಎರಡು ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ತಗೊಳ್ಳೋದು ಊರಲ್ಲಿ ಎಷ್ಟು ಜನಕ್ಕೆ ಬರುತ್ತದೆ ಅಂತ ನನಗೇ ಕೇಳಿದ. ದನಿಯಲ್ಲಿ ಹೆಮ್ಮೆ ಇತ್ತು. ಅದು ಸುಳ್ಳು ಹೆಮ್ಮೆ ಅಲ್ಲ, ಅದಕ್ಕೇ ಈ ಪ್ರಕರಣ ತೊಡಕಿನದು. ಮನೆ ಮುಳುಗದಂತೆ ಹಿಡಿದು ನಿಲ್ಲಿಸಿದವನು ನಿಜವಾಗಿಯೂ ಆ ಹುಡುಗನೇ.

ತಪ್ಪು

ಮರುದಿನ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಹೆಡ್‌ಮಾಸ್ತರರು ಕೇಳಿದರು: “ಏನಂತ್ರಿ ಆ ಹುಡುಗಂದು?” ನಾನು ಎರಡೇ ವಾಕ್ಯದಲ್ಲಿ ಹೇಳಿಬಿಟ್ಟೆ. ಮೊಬೈಲ್ ಅಲ್ಲ ಸರ್, ರಾತ್ರಿ ಕಬ್ಬಿನ ಗಾಡಿ ಹೊಡೀತಾನೆ ಅಂದೆ. ಅಲ್ಲಿ ಇನ್ನೂ ನಾಲ್ಕು ಜನ ಇದ್ದರು. ರಿಜಿಸ್ಟರಿನಲ್ಲೂ ಹಾಗೇ ಬರೆದಿಟ್ಟೆ.

ಮುಂದಿನ ವಾರ ಪಾಲಕರ ಸಭೆ. ಹತ್ತನೇ ತರಗತಿಯ ಪಾಲಕರೆಲ್ಲ ಕೂತಿದ್ದಾರೆ, ಮಲ್ಲುವಿನ ಅಪ್ಪನೂ ಬಂದಿದ್ದ, ತಲೆಗೆ ಟವೆಲ್ ಸುತ್ತಿಕೊಂಡು ಹಿಂದಿನ ಬೆಂಚಿನಲ್ಲಿ. ಹೆಡ್‌ಮಾಸ್ತರರು ಹಾಜರಿ ಬಗ್ಗೆ ಮಾತಾಡುತ್ತಾ, ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು ಅಂತ ಹೇಳುತ್ತಾ, ನೇರ ಅವನ ಕಡೆ ತಿರುಗಿದರು. ಮಗನ ಕೈಲಿ ಲೈಸೆನ್ಸ್ ಇಲ್ಲದೆ ಗಾಡಿ ಹೊಡೆಸುತ್ತೀಯಾ, ಪೊಲೀಸರಿಗೆ ಹೇಳಿದರೆ ಒಳಗೆ ಹಾಕುತ್ತಾರೆ ಅಂತ ಎಲ್ಲರ ಮುಂದೆ ಗದರಿದರು. ಅವರು ಹೇಳಿದ ಕಾನೂನು ತಪ್ಪಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ, 18 ತುಂಬದವರು ವಾಹನ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು. ಆದರೆ ಊರ ಜನರ ಮುಂದೆ ಮರ್ಯಾದೆ ಹೋದ ಮನುಷ್ಯನ ಕಿವಿಗೆ ಕಾನೂನು ಹೋಗುತ್ತದಾ? ಅವನು ಏನೂ ಮಾತಾಡಲಿಲ್ಲ. ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋದ.

ಮಾರನೇ ದಿನದಿಂದ ಮಲ್ಲು ಶಾಲೆಗೆ ಬರಲಿಲ್ಲ. ಹನ್ನೊಂದು ದಿನ.

ನನಗೆ ಮೊದಲು ಬಂದದ್ದು ಹೆಡ್‌ಮಾಸ್ತರರ ಮೇಲೆ ಸಿಟ್ಟು. ಬಾಗಲಕೋಟೆಯಲ್ಲಿರುವ ನನ್ನ ಹಿರಿಯ ಸಹೋದ್ಯೋಗಿಗೆ ಫೋನ್ ಮಾಡಿ ಅವರನ್ನೇ ಬೈದೆ. ಆಕೆ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: “ಹುಡುಗನಿಗೆ ನೀನು ಏನು ಮಾತು ಕೊಟ್ಟಿದ್ದೆ?”

ಕೂತು ಯೋಚಿಸಿದಾಗ ಕಂಡದ್ದು ಎರಡು ತಪ್ಪು, ಒಂದಲ್ಲ. ಚಹಾದ ಜೊತೆ ಎಲ್ಲರೆದುರು ಹೇಳಿದ್ದು ಎರಡನೆಯದು. ಮೊದಲನೆಯದು, “ಯಾರಿಗೂ ಹೇಳಲ್ಲ” ಅಂದದ್ದೇ. ಯಾಕೆಂದರೆ ಇದು ಬಚ್ಚಿಡಬಹುದಾದ ಮಾತೇ ಅಲ್ಲ. ನಿದ್ದೆಗೆಟ್ಟ ಹದಿನೈದರ ಹುಡುಗ ಇಪ್ಪತ್ತು ಟನ್ನಿಗೂ ಮೇಲೆ ಕಬ್ಬು ಹೇರಿಕೊಂಡು ಕತ್ತಲಲ್ಲಿ ರಸ್ತೆಗಿಳಿದರೆ ಅವನ ಜೀವಕ್ಕೂ ಅಪಾಯ, ಎದುರಿಗೆ ಬರುವವರಿಗೂ. ಯಾರಿಗಾದರೂ ಹೇಳಲೇಬೇಕಿತ್ತು. ಆದರೆ ಅದನ್ನು ಮೊದಲು ಅವನಿಗೆ ಹೇಳಬೇಕಿತ್ತು: ಇದನ್ನ ನಾನು ಇಂಥವರಿಗೆ, ಇಷ್ಟು, ಹೀಗೆ ಹೇಳ್ತೀನಿ, ನೀನೂ ಜೊತೆಗಿರು ಅಂತ.

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದೋ ಬೇಡವೋ ಅಂತ ಎರಡು ದಿನ ತೂಗಿದೆ. ಕೊನೆಗೆ ಮಾಡಿಕೊಂಡ ತೀರ್ಮಾನ: ಮನೆಯವರ ಜೊತೆ ನಾನೇ ಮಾತಾಡುತ್ತೇನೆ, ಅವನು ಸ್ಟೀರಿಂಗ್ ಬಿಡಲು ಮೂರು ದಿನ ಗಡುವು, ಬಿಡದಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸುತ್ತೇನೆ, ಹಾಗೆ ತಿಳಿಸುವುದನ್ನು ಅವರ ಮುಖಕ್ಕೇ ಹೇಳಿ ಬರುತ್ತೇನೆ. ಆ ಮೂರು ದಿನದಲ್ಲಿ ಏನಾದರೂ ಆಗಿದ್ದರೆ? ಈ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ. ಇವತ್ತಾಗಿದ್ದರೆ ಗಡುವು ಆ ರಾತ್ರಿಯದೇ ಆಗಿರುತ್ತಿತ್ತು.

ಮನೆಗೆ ಹೋದದ್ದು

ಸಂಜೆ ಹೋದೆ. ಮಲ್ಲುವಿನ ಅವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಮಲ್ಲು ನನ್ನನ್ನು ನೋಡಿ ಎದ್ದು ಹಿತ್ತಲಿಗೆ ಹೋದ. ನಾನೂ ಹಿಂದೆ ಹೋದೆ. ಅಲ್ಲಿ ಎಮ್ಮೆ ಪಕ್ಕ ನಿಂತು ಹೇಳಿದೆ: “ಮಲ್ಲು, ಹೇಳಲ್ಲ ಅಂತ ಮಾತು ಕೊಟ್ಟು ಹೇಳಿದೆ. ತಪ್ಪು ನಂದು. ನಿಮ್ಮಪ್ಪಂದಲ್ಲ, ನಿಂದೂ ಅಲ್ಲ.” ಅವನು ಎಮ್ಮೆಯ ಬೆನ್ನು ಕೆರೆಯುತ್ತಾ ನಿಂತ. ಏನೂ ಅನ್ನಲಿಲ್ಲ. “ಈಗ ಒಳಗೆ ಹೋಗಿ ನಿಮ್ಮವ್ವನ ಹತ್ತಿರ ಏನು ಮಾತಾಡ್ತೀನಿ ಅಂತ ಮೊದಲು ನಿನಗೆ ಹೇಳ್ತೀನಿ. ಬೇಡ ಅನ್ನೋದು ಇದ್ರೆ ಹೇಳು” ಅಂದೆ. ಪೂರ್ತಿ ಕೇಳಿದ. “ಬೈಕಿನ ಮಾತ ತೆಗೀಬ್ಯಾಡ್ರಿ” ಅಂದ.

ಯಾವ ಬೈಕು ಅಂತ ನನಗೆ ಗೊತ್ತೇ ಇರಲಿಲ್ಲ. ಕೇಳಲಿಲ್ಲ. ತೆಗೆಯಲೂ ಇಲ್ಲ.

ಒಳಗೆ ಗೊತ್ತಾದ ಸಂಗತಿ ನನ್ನನ್ನೇ ಬೆಚ್ಚಿಬೀಳಿಸಿತು. ಗಾಡಿ ಹೊಡೆಯುವುದು ಮಗ ಅಂತ ಅವ್ವನಿಗೆ ಗೊತ್ತಿರಲಿಲ್ಲ. ಪಕ್ಕದೂರಿನ ಯಾರೋ ಡ್ರೈವರ್ ಬರುತ್ತಾನೆ, ಮಗ ಕಾವಲಿಗೆ ಜೊತೆ ಹೋಗಿ ಯಾರ್ಡಿನಲ್ಲಿ ಮಲಗುತ್ತಾನೆ ಅಂತ ಅಪ್ಪ ಮಗ ಇಬ್ಬರೂ ಸೇರಿ ಹೇಳಿದ್ದರು. ಪಾಲಕರ ಸಭೆಯ ಸುದ್ದಿಯನ್ನೂ ಮನೆಗೆ ತಂದಿರಲಿಲ್ಲ. ಅವಳ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ವಾಸನೆ ಬಂದರೂ ತೆಗೆಯಲಿಲ್ಲ. ಆಮೇಲೆ ಕೈ ಒರೆಸಿಕೊಂಡು ಮಗಳಿಗೆ ಫೋನ್ ತರಲು ಹೇಳಿದಳು. ಹಚ್ಚಿದ್ದು ಗಂಡನಿಗಲ್ಲ, ತನ್ನ ತಮ್ಮನಿಗೆ.

“ಹಂಗಾಮ ಮುಗಿಯೂತನ ಬಂದ ಇರು. ಗಾಡಿ ನೀ ಹೊಡಿ. ನನ್ನ ಮಗಾ ಇನ್ನ ಹೋಗಂಗಿಲ್ಲ.”

ನಾನು ಚೀಲದಲ್ಲಿ ಏನೇನೋ ಬರೆದುಕೊಂಡು ಹೋಗಿದ್ದೆ: ಸಾಲದ ಕಂತು ಮುಂದಕ್ಕೆ ಹಾಕಿಸಲು ಬ್ಯಾಂಕಿಗೆ ಅರ್ಜಿ, ಕಾರ್ಖಾನೆಯ ಜೊತೆ ಮಾತು, ಇನ್ನೂ ಏನೇನೋ. ಯಾವುದನ್ನೂ ಹೊರತೆಗೆಯಬೇಕಾಗಲಿಲ್ಲ. ಲೈಸೆನ್ಸ್ ಇದ್ದ ಸ್ವಾದರಮಾವ ಹತ್ತು ಕಿಲೋಮೀಟರ್ ದೂರದಲ್ಲೇ ಇದ್ದ. ಅವನನ್ನು ಯಾಕೆ ಮೊದಲೇ ಕರೆಯಲಿಲ್ಲ ಅಂದರೆ, ಅಳಿಯನಿಗೆ ಹೆಂಡತಿಯ ತವರಿನ ಮುಂದೆ ಕೈ ಚಾಚಲು ಮನಸ್ಸಿರಲಿಲ್ಲ.

ಅಪ್ಪನ ಸಿಟ್ಟು ಇಳಿಯಲು ಜಾಸ್ತಿ ದಿನ ಬೇಕಾಯಿತು. ನಾನು ಗಡುವಿನ ಮಾತು ಹೇಳಿದಾಗ “ಮಾಡ್ರಿ, ಏನ್ ಮಾಡ್ತೀರೋ ಮಾಡ್ರಿ” ಅಂದಿದ್ದ. ಮಾವ ಬಂದ ಮೇಲೆ ಗಾಡಿ ಕೊಟ್ಟ, ಆದರೆ ಮಗನನ್ನು ಶಾಲೆಗೆ ಕಳಿಸಲಿಲ್ಲ. ಆಗ ಹೆಡ್‌ಮಾಸ್ತರರು ಒಂದು ಕೆಲಸ ಮಾಡಿದರು, ಅದನ್ನು ಬರೆಯದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಒಂದು ಸಂಜೆ ತಮ್ಮ ಸ್ಕೂಟರ್ ಹತ್ತಿ ಒಬ್ಬರೇ ಫಡಕ್ಕೆ ಹೋದರು. ತಪ್ಪಾಯ್ತು ಅಂತ ಅವರು ಹೇಳಲಿಲ್ಲ, ಹೇಳುವ ಜಾತಿಯೂ ಅಲ್ಲ. ಬದುವಿನ ಮೇಲೆ ಕೂತು ಗ್ಯಾಂಗಿನವರು ಕಾಯಿಸಿದ ಚಹಾ ಕುಡಿದರು. ನೋಂದಣಿ ರದ್ದಾದರೆ ಗಾಡಿ ವರ್ಷಪೂರ್ತಿ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ, ಅಪಘಾತ ಆದರೆ ಇನ್ಶೂರೆನ್ಸೂ ಕೈ ಎತ್ತುತ್ತದೆ ಅಂತ ಲೆಕ್ಕ ಹೇಳಿದರು. ಸೋಮವಾರ ಮಲ್ಲು ಶಾಲೆಗೆ ಬಂದ.

ಬೈಕಿನ ಮಾತು

ನಿದ್ದೆಗೆ ಈಗ ರಾತ್ರಿ ಪೂರ್ತಿ ಸಿಕ್ಕಿತ್ತು. ಆದರೂ ನಿದ್ದೆ ಬರುತ್ತಿರಲಿಲ್ಲ. ನಾನು ಕೆದಕಲಿಲ್ಲ. ಎರಡು ವಾರ ಬರೀ ಯಾವಾಗ ಮಲಗಿದ, ಯಾವಾಗ ಎಚ್ಚರವಾಯಿತು ಅಂತ ಬರೆಸಿದೆ. ದಿನಾ 2 ಗಂಟೆಯ ಆಸುಪಾಸು ಎಚ್ಚರ. “ಆ ಹೊತ್ತಿಗೆ ಏನು ಕೇಳಿಸುತ್ತೆ?” ಅಂದದ್ದಕ್ಕೆ ಹೇಳಿದ. ಅವನು ನನ್ನ ಹತ್ತಿರ ಬರುವ ಮುಂಚೆಯೇ ಒಂದು ರಾತ್ರಿ, ರಸ್ತೆ ಬದಿ ಗಾಡಿ ನಿಲ್ಲಿಸಿ ಹಗ್ಗ ಬಿಗಿಯುತ್ತಿದ್ದಾಗ, ಹಿಂದಿನ ಟ್ರೇಲರಿಗೆ ಒಬ್ಬ ಬೈಕಿನವನು ಬಂದು ಗುದ್ದಿದ್ದ. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಕಬ್ಬಿನ ಸೋಗೆ ಜೋತುಬಿದ್ದು ಎಲ್ಲ ಮುಚ್ಚಿತ್ತು. ಬೈಕಿನವನಿಗೆ ಕೈ ಮುರಿಯಿತು, ಜೀವಕ್ಕೇನೂ ಆಗಲಿಲ್ಲ. ಆದರೆ ಆ ಸದ್ದು ಇವನ ಕಿವಿಯಲ್ಲಿ ಉಳಿದಿತ್ತು. ತರಗತಿಯಲ್ಲಿ ಎಬ್ಬಿಸಿದಾಗ ಬೆಚ್ಚಿಬೀಳುತ್ತಿದ್ದದ್ದು ಇದಕ್ಕೆ. ಮೊದಲ ದಿನದ ಚೀಟಿಯ ಜೊತೆಗೇ ಟೀಚರ್ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಇದು ನನ್ನ ಕೈ ಮೀರಿದ್ದಾಗಿರಬಹುದು ಅನಿಸಿತು. ಅವನಿಗೂ ಅವ್ವನಿಗೂ ಹೇಳಿಯೇ, ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಮನೋವೈದ್ಯರು ಅರ್ಧ ಗಂಟೆ ಮಾತಾಡಿಸಿ, ಈಗ ಗುಳಿಗೆ ಬೇಡ, ಮಾತು ಮುಂದುವರಿಸಿ, ಎರಡು ವಾರ ಬಿಟ್ಟು ಬನ್ನಿ ಅಂದರು. ರಾತ್ರಿ ತೀರಾ ಕಷ್ಟವಾದರೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರ್ ಬರೆದುಕೊಟ್ಟರು. ಅವನು ಅದಕ್ಕೆ ಒಂದು ಸಲವೂ ಫೋನ್ ಮಾಡಲಿಲ್ಲ, ಆದರೆ ಆ ಚೀಟಿ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ.

ಮುಂದಿನದ್ದು ನಾನು ಹೇಳಿಕೊಟ್ಟದ್ದಲ್ಲ. ಒಂದು ಭಾನುವಾರ ಅವನೇ ಅಂಗಡಿಯಿಂದ ಕೆಂಪು ರಿಫ್ಲೆಕ್ಟರ್ ಟೇಪ್ ತಂದ. ಎರಡೂ ಟ್ರೇಲರಿನ ಹಿಂದಿನ ಹಲಗೆಯನ್ನು ಡೀಸೆಲ್ ಅದ್ದಿದ ಬಟ್ಟೆಯಿಂದ ಉಜ್ಜಿ, ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಸ್ಕೇಲ್ ಹಿಡಿದು ಗೆರೆ ಹಾಕಿ ಅಂಟಿಸಿದ. ರಾತ್ರಿ ಮಾವನ ಬೈಕಿನ ದೀಪ ಹಾಕಿಸಿ, ದೂರ ಹೋಗಿ ನಿಂತು ಕಾಣುತ್ತದಾ ಅಂತ ನೋಡಿದ. ಸಾಲಲಿಲ್ಲವಂತೆ, ಪಕ್ಕಕ್ಕೂ ಅಂಟಿಸಿದ. ಇದನ್ನೆಲ್ಲ ನನಗೆ ಹೇಳುವಾಗ ಅವನ ಮಾತು ನಿಲ್ಲುತ್ತಲೇ ಇರಲಿಲ್ಲ. ಆ ವಾರದ ನಿದ್ದೆಯ ಹಾಳೆಯಲ್ಲಿ ಎರಡು ರಾತ್ರಿ ಎಚ್ಚರವೇ ಇಲ್ಲ.

ಕೊನೆಗೆ ಆದದ್ದು

ಗಣಿತ ಮಾಸ್ತರರಿಗೆ ಕಾಟಾ ಲೆಕ್ಕದ ವಿಷಯ ಗೊತ್ತಾಗಿ (ಈ ಸಲ ಅವನನ್ನು ಕೇಳಿಯೇ ಹೇಳಿದ್ದು) ಟನ್ನು, ದರದ ಮೇಲೆ ಲೆಕ್ಕ ಮಾಡಿಕೊಟ್ಟರು. ಅಂಕಗಣಿತ ಸರಾಗ ಬಂತು. ತ್ರಿಕೋನಮಿತಿಗೆ ಕಬ್ಬು ಏನೂ ಸಹಾಯ ಮಾಡಲಿಲ್ಲ. ಮೊದಲ ಪರೀಕ್ಷೆಯಲ್ಲಿ ಗಣಿತ ಬಿಟ್ಟು ಎಲ್ಲ ಪಾಸ್. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಲು ಅವಕಾಶ ಇದ್ದದ್ದರಿಂದ ಎರಡನೆಯದರಲ್ಲಿ ಗಣಿತವೂ ಆಯಿತು. ಐ.ಟಿ.ಐ.ನಲ್ಲಿ ಡೀಸೆಲ್ ಮೆಕ್ಯಾನಿಕ್ ಸೇರಿದ. ಪಿಯುಸಿ ಮಾಡಲಿ ಅಂತ ನನಗೆ ಆಸೆ ಇತ್ತು, ಅದು ನನ್ನ ಆಸೆ. ಅಪ್ಪ ನನ್ನನ್ನು ದಾರಿಯಲ್ಲಿ ಕಂಡರೆ ಈಗಲೂ ಮಾತಾಡಿಸುವುದಿಲ್ಲ. ಅವ್ವ ಮಾತಾಡಿಸುತ್ತಾಳೆ.

ನನ್ನ ಕೆಲಸದಲ್ಲಿ ಬದಲಾದದ್ದು ಮೊದಲ ಐದು ನಿಮಿಷ. ಯಾವ ಮಗು ಬಂದರೂ ಮೊದಲು ಇದನ್ನೇ ಹೇಳುತ್ತೇನೆ: ನೀನು ಹೇಳಿದ್ದು ನನ್ನ ಹತ್ತಿರ ಇರುತ್ತದೆ. ಆದರೆ ನಿನ್ನ ಜೀವಕ್ಕೆ ಅಪಾಯ ಇದ್ದರೆ, ಬೇರೆಯವರ ಜೀವಕ್ಕೆ ಅಪಾಯ ಇದ್ದರೆ, ಯಾರಾದರೂ ನಿನಗೆ ತೊಂದರೆ ಕೊಡುತ್ತಿದ್ದರೆ, ಸುಮ್ಮನಿರಲು ನನಗೆ ಆಗುವುದಿಲ್ಲ. ಆಗಲೂ ಯಾರಿಗೆ ಏನು ಹೇಳುತ್ತೇನೆ ಅನ್ನುವುದು ನಿನಗೇ ಮೊದಲು ಗೊತ್ತಿರುತ್ತದೆ. ಮೂರನೆಯದರಲ್ಲಿ ಲೈಂಗಿಕ ದೌರ್ಜನ್ಯ ಇದ್ದರೆ ಅದು ನನ್ನ ಇಷ್ಟದ ಪ್ರಶ್ನೆಯೂ ಅಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಹೀಗೆಲ್ಲ ಮೊದಲೇ ಹೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲ ಅಂತ ಹೆದರಿದ್ದೆ. ಕೆಲವರು ಬಿಡುವುದಿಲ್ಲ, ನಿಜ. ಜಾಸ್ತಿ ಜನ ಒಂದೆರಡು ವಾರ ನನ್ನನ್ನು ನೋಡಿ, ಆಮೇಲೆ ಬಿಡುತ್ತಾರೆ.

ಹೆಡ್‌ಮಾಸ್ತರರಿಗೆ ಈಗ ಹೇಳುವುದು ಅವರ ಕೋಣೆಯಲ್ಲಿ, ಬಾಗಿಲು ಹಾಕಿ, ಅವರು ಏನು ಮಾಡಬೇಕೋ ಅಷ್ಟನ್ನು ಮಾತ್ರ. “ಈ ಹುಡುಗಿಯನ್ನು ಮೊದಲ ಬೆಂಚಿಗೆ ಕೂರಿಸಿ ಸರ್” ಅಂದರೆ ಸಾಕು. ಯಾಕೆ ಅಂತ ಅವರು ಕೇಳುತ್ತಾರೆ. “ಬೇಕಾದಾಗ ಹೇಳ್ತೀನಿ ಸರ್” ಅನ್ನುತ್ತೇನೆ. ಗೊಣಗುತ್ತಾರೆ, ಕೂರಿಸುತ್ತಾರೆ.

ಆ ಉದ್ದನೆಯ ರಿಜಿಸ್ಟರಿನಲ್ಲಿ ಈಗ ತಾರೀಕು ಮತ್ತು ಒಂದು ನಂಬರ್ ಬಿಟ್ಟರೆ ಏನೂ ಇಲ್ಲ. ಉಳಿದದ್ದು ಬೇರೆ ಪುಸ್ತಕದಲ್ಲಿ, ಆಟದ ಕೋಣೆಯ ಕಬ್ಬಿಣದ ಅಲ್ಮಾರಿಯಲ್ಲಿ. ಈ ಜೂನ್‌ನಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಬಂದು ಕೂತಳು. ಹೆಸರು ಕೇಳಿದೆ, ಹೇಳಲಿಲ್ಲ. ನನ್ನ ಪೆನ್ನನ್ನೇ ನೋಡುತ್ತಿದ್ದಳು.

“ನೀವ್ ಬರ್ಕೊಂಡಿದ್ದು ಯಾರ್ ಓದ್ತಾರ್ರಿ?”

ನಾನು ಎದ್ದು ಅಲ್ಮಾರಿ ತೆಗೆದು ಪುಸ್ತಕ ತೋರಿಸಿದೆ. ಮತ್ತೆ ಬೀಗ ಹಾಕಿ, ಕೀಲಿಯನ್ನು ಅವಳ ಕೈಯಲ್ಲಿಟ್ಟೆ. ಅವಳು ಹೋಗಿ ಹಿಡಿಕೆಯನ್ನು ಎರಡು ಸಲ ಜಗ್ಗಿ ನೋಡಿದಳು. ವಾಪಸ್ ಬಂದು ಕೂತಳು. ಅವತ್ತು ಏನೂ ಹೇಳಲಿಲ್ಲ. ಕೀಲಿ ಟೇಬಲ್ ಮೇಲಿಟ್ಟು, “ಗುರುವಾರ ಇರ್ತೀರೇನ್ರಿ?” ಅಂತ ಕೇಳಿ ಹೋದಳು.